ವಾರದ ಸಂಖ್ಯೆಯ ಪಕ್ಕದಲ್ಲಿ ತಾರೀಖನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮುಂಗಾರು ಕಾಲಿಟ್ಟಿತೆಂದರೆ ಪತ್ರಿಕೆಗಳಲ್ಲಿ ವಾರದ ಮಳೆ ಪಟ್ಟಿ, ಜ್ವರ ಪ್ರಕರಣಗಳ ಪಟ್ಟಿ, ರೈತರಿಗೆ ವಾರದ ಸಲಹೆ ಇವೆಲ್ಲ ‘23ನೇ ವಾರ’, ‘27ನೇ ವಾರ’ ಎಂಬ ತಲೆಬರಹದಡಿ ಬರುವುದುಂಟು. ಓದುವವರು ಆ ಸಂಖ್ಯೆಯನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಆದರೆ 23ನೇ ವಾರ ಎಂದರೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದಕ್ಕೆ ನಮ್ಮ ನಡುವೆ ಈಗ ಕನಿಷ್ಠ ಮೂರು ಬೇರೆ ಬೇರೆ ಉತ್ತರಗಳಿವೆ, ಮತ್ತು ಆ ಮೂರೂ ತಂತಮ್ಮ ಮಟ್ಟಿಗೆ ಸರಿಯಾದವೇ. ಈ ಕಾರಣದಿಂದ ನಮ್ಮ ಊರಿನ ನಾಲ್ಕಾರು ಬೆಳೆಗಾರರ ಮಳೆ ಲೆಕ್ಕ ಹೇಗೆ ಕಲಸಿಹೋಯಿತು, ಅದನ್ನು ಹೇಗೆ ಸರಿಪಡಿಸಿಕೊಂಡೆವು ಎಂಬುದನ್ನು ತಿಳಿಸಿ, ತಮ್ಮಲ್ಲಿಯೂ ಇಲಾಖೆಗಳಲ್ಲಿಯೂ ಒಂದು ಸಣ್ಣ ಬೇಡಿಕೆ ಇಡುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಲೆನಾಡಿನ ಅಡಿಕೆ ಬೆಳೆಗಾರ. ಮನೆಯಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಡುವುದು ನಮ್ಮ ಕಡೆ ಹಲವು ಮನೆಗಳಲ್ಲಿ ತಂದೆಯ ಕಾಲದಿಂದ ಬಂದ ರೂಢಿ. ಮೊದಲು ಅದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ತಾರೀಖಿನ ಚೌಕದೊಳಗೇ ಪೆನ್ಸಿಲಿನಲ್ಲಿ ಇರುತ್ತಿತ್ತು, ಆಮೇಲೆ ಉದ್ದನೆಯ ಲೆಕ್ಕದ ಪುಸ್ತಕಕ್ಕೆ ಬಂತು, ಈಗ ಕೆಲವು ವರ್ಷಗಳಿಂದ ಎಕ್ಸೆಲ್ ಶೀಟಿನಲ್ಲಿದೆ. ದಿನದ ಲೆಕ್ಕ ಎಷ್ಟೇ ಇದ್ದರೂ ಹಿಂದಿನ ವರ್ಷಗಳ ಜೊತೆ ಹೋಲಿಸಿ ನೋಡಬೇಕಾದರೆ ವಾರದ ಮೊತ್ತವೇ ಬೇಕು. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ ಅಡಿಕೆ ಕೊನೆಗಳಿಗೆ (ಗೊಂಚಲುಗಳಿಗೆ) ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯುವುದು ಕಷ್ಟ. ಮರ ಹತ್ತುವ ಕೊನೆಗಾರರನ್ನು ಮುಂಚಿತವಾಗಿ ಗೊತ್ತು ಮಾಡಿಕೊಳ್ಳಬೇಕು, ಮಳೆ ಬಿಡುವು ಕೊಡುವ ನಾಲ್ಕು ದಿನ ಯಾವಾಗ ಸಿಗಬಹುದೆಂದು ಹಳೆಯ ಲೆಕ್ಕ ತೆಗೆದು ಅಂದಾಜು ಮಾಡಬೇಕು. ಇಂಥ ಕೆಲಸದಲ್ಲಿ ಒಂದು ವಾರ ಹಿಂದೆಮುಂದೆ ಆಯಿತೆಂದರೆ ಅದು ಕಾಗದದ ಮೇಲಿನ ತಪ್ಪಾಗಿ ಉಳಿಯುವುದಿಲ್ಲ, ಮರದ ಬುಡದಲ್ಲಿ ಉದುರಿದ ಕಾಯಾಗಿ ಕಾಣುತ್ತದೆ.

2022ರ ಮಳೆಗಾಲ ಮುಗಿದ ಮೇಲೆ ನಾವು ಐದು ಮನೆಯವರು ನಮ್ಮ ನಮ್ಮ ಮಳೆ ಲೆಕ್ಕವನ್ನು ಒಟ್ಟುಗೂಡಿಸಿ ಊರಿಗೊಂದು ವಾರದ ಪಟ್ಟಿ ಮಾಡಿದೆವು. ಪಟ್ಟಿ ನೋಡಿದಾಗ ವಿಚಿತ್ರವೊಂದು ಕಂಡಿತು. ಜುಲೈ 5ರ ಬೆಳಿಗ್ಗೆ ನಮ್ಮೆಲ್ಲರ ಮಾಪಕದಲ್ಲಿಯೂ ನೂರು ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಗಿತ್ತು. ಅಂದು ತೋಟದ ಕಾಲುಸಂಕ (ಕಿರುಸೇತುವೆ) ಕೊಚ್ಚಿಹೋದದ್ದರಿಂದ ತಾರೀಖು ಯಾರಿಗೂ ಮರೆತಿರಲಿಲ್ಲ. ಆದರೆ ಒಟ್ಟು ಪಟ್ಟಿಯಲ್ಲಿ ಆ ಒಂದೇ ದಿನದ ಮಳೆ ಒಂದಿಷ್ಟು 27ನೇ ವಾರದಲ್ಲಿ, ಒಂದಿಷ್ಟು 28ನೇ ವಾರದಲ್ಲಿ ಹರಡಿಕೊಂಡಿತ್ತು. ಎರಡೂ ವಾರಗಳಲ್ಲಿ ಸಾಧಾರಣ ಮಳೆಯಾದಂತೆ ಕಾಣುತ್ತಿತ್ತು, ಅಬ್ಬರದ ವಾರ ಎಂಬುದೇ ಪಟ್ಟಿಯಿಂದ ಮಾಯವಾಗಿತ್ತು. ಅಳತೆಯಲ್ಲಿ ತಪ್ಪಿರಬಹುದೆಂದು ಒಬ್ಬರ ಮಾಪಕದ ಬಾಯಿಯನ್ನು ಅಳೆದು ನೋಡಿದ್ದೂ ಆಯಿತು. ಕೊನೆಗೆ ಐದೂ ಶೀಟುಗಳನ್ನು ಅಕ್ಕಪಕ್ಕ ತೆರೆದಿಟ್ಟು ಒಂದೊಂದೇ ಸಾಲು ನೋಡಿದಾಗ ವಿಷಯ ತಿಳಿಯಿತು: ನನ್ನ ಶೀಟು ಜುಲೈ 5ನ್ನು 28ನೇ ವಾರ ಎನ್ನುತ್ತಿತ್ತು, ಪಕ್ಕದ ಮನೆಯವರದು 27 ಎನ್ನುತ್ತಿತ್ತು. ಅವರ ಮಗಳು ಬೆಂಗಳೂರಿನಲ್ಲಿ ಜರ್ಮನಿಯ ಗ್ರಾಹಕರಿರುವ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಸಭೆಯ ದಿನವನ್ನೂ ಸರಕು ಕಳಿಸುವ ದಿನವನ್ನೂ ವಾರದ ಸಂಖ್ಯೆಯಲ್ಲಿಯೇ ಹೇಳುವ ರೂಢಿಯಿರುವುದರಿಂದ, ಅವಳು ತನ್ನ ಕಚೇರಿಯಲ್ಲಿ ಬಳಸುವ ಫಾರ್ಮುಲಾವನ್ನೇ ಅಪ್ಪನ ಶೀಟಿಗೂ ಹಾಕಿಕೊಟ್ಟಿದ್ದಳು.

ಎಕ್ಸೆಲ್‌ನಲ್ಲಿ ತಾರೀಖಿನಿಂದ ವಾರದ ಸಂಖ್ಯೆ ತೆಗೆಯಲು ನಮ್ಮಲ್ಲಿ ಹೆಚ್ಚಿನವರು ಬಳಸುವುದು ‘ವೀಕ್‌ನಮ್’ (WEEKNUM) ಎಂಬ ಫಾರ್ಮುಲಾ. ಅದಕ್ಕೆ ತಾರೀಖನ್ನು ಮಾತ್ರ ಕೊಟ್ಟು ಬೇರೇನೂ ಹೇಳದಿದ್ದರೆ ಅದು ವಾರವನ್ನು ಭಾನುವಾರದಿಂದ ಎಣಿಸುತ್ತದೆ, ಮತ್ತು ಜನವರಿ 1 ಯಾವ ವಾರದಲ್ಲಿ ಬಿದ್ದರೂ ಅದನ್ನೇ ಮೊದಲ ವಾರ ಎನ್ನುತ್ತದೆ. 2022ರ ಜನವರಿ 1 ಶನಿವಾರವಾಗಿತ್ತು. ಹಾಗಾಗಿ ಆ ವರ್ಷದ ‘ಮೊದಲ ವಾರ’ಕ್ಕೆ ಇದ್ದದ್ದು ಒಂದೇ ದಿನ; ಮರುದಿನ ಭಾನುವಾರದಿಂದಲೇ ಎರಡನೇ ವಾರ ಶುರುವಾಯಿತು. ಅಧಿಕ ವರ್ಷವೊಂದು ಶನಿವಾರದಿಂದ ಆರಂಭವಾದರಂತೂ ಈ ಎಣಿಕೆಯಲ್ಲಿ ಡಿಸೆಂಬರ್ 31ಕ್ಕೆ 54ನೇ ವಾರ ಬರುತ್ತದೆ. 2000ದಲ್ಲಿ ಹಾಗಾಗಿತ್ತು, 2028ರಲ್ಲಿ ಮತ್ತೆ ಆಗಲಿದೆ. 52 ಸಾಲಿನ ಪಟ್ಟಿ ಮಾಡಿಟ್ಟುಕೊಂಡವರು ಆ ಒಂದು ದಿನದ ಲೆಕ್ಕವನ್ನು ಎಲ್ಲಿ ಬರೆಯಬೇಕು?

ಪಕ್ಕದ ಮನೆಯ ಶೀಟಿನಲ್ಲಿದ್ದದ್ದು ‘ಐಎಸ್‌ಒ ವೀಕ್‌ನಮ್’ (ISOWEEKNUM). ಇದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 8601 ಎಂಬ ಮಾನಕವನ್ನು ಅನುಸರಿಸುತ್ತದೆ. ಆ ಮಾನಕ ಮೊದಲು ಪ್ರಕಟವಾದದ್ದು 1988ರಲ್ಲಿ. ಇದರಲ್ಲಿ ವಾರ ಸೋಮವಾರ ಆರಂಭವಾಗಿ ಭಾನುವಾರ ಮುಗಿಯುತ್ತದೆ, ಮತ್ತು ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿದೆಯೋ ಅದೇ ಮೊದಲ ವಾರ. ಗುರುವಾರವೇ ಏಕೆಂದರೆ ಸೋಮವಾರದಿಂದ ಭಾನುವಾರದವರೆಗಿನ ಏಳು ದಿನಗಳಲ್ಲಿ ಅದು ನಟ್ಟನಡುವಿನದು; ಗುರುವಾರ ಹೊಸ ವರ್ಷಕ್ಕೆ ಸೇರಿದರೆ ಆ ವಾರದ ಕನಿಷ್ಠ ನಾಲ್ಕು ದಿನ ಹೊಸ ವರ್ಷದ್ದಾಗಿರುತ್ತವೆ. ಇಲ್ಲಿ ತುಂಡು ವಾರಗಳಿಲ್ಲ, ಎಲ್ಲ ವಾರಕ್ಕೂ ಏಳೇ ದಿನ. ಜನವರಿ 4 ಎಂದೆಂದಿಗೂ ಮೊದಲ ವಾರದಲ್ಲಿಯೇ ಇರುತ್ತದೆ, ಡಿಸೆಂಬರ್ 28 ಎಂದೆಂದಿಗೂ ಕೊನೆಯ ವಾರದಲ್ಲಿಯೇ ಇರುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ ಕೆಲವು ವರ್ಷಗಳಿಗೆ 52ರ ಬದಲು 53 ವಾರ ಬರುವುದು. 400 ವರ್ಷಗಳಲ್ಲಿ ಹಾಗೆ 71 ವರ್ಷಗಳಿಗೆ 53 ವಾರ ಬರುತ್ತದೆ. 2020 ಹಾಗಿತ್ತು, ಈಗಿನ 2026 ಕೂಡ ಹಾಗೆಯೇ.

ಮೂರನೆಯದು ನಮ್ಮ ದೇಶದ ಹವಾಮಾನ ಇಲಾಖೆಯೂ ಕೃಷಿ ವಿಶ್ವವಿದ್ಯಾಲಯಗಳೂ ಬಳಸುವ ಪ್ರಮಾಣಿತ ಹವಾಮಾನ ವಾರ. ಇದಕ್ಕೂ ಸೋಮವಾರ, ಭಾನುವಾರಗಳಿಗೂ ಸಂಬಂಧವೇ ಇಲ್ಲ. ಜನವರಿ 1ರಿಂದ 7 ಮೊದಲ ವಾರ, 8ರಿಂದ 14 ಎರಡನೇ ವಾರ, ಹೀಗೆ ತಾರೀಖು ಹಿಡಿದೇ ಎಣಿಸಿಕೊಂಡು ಹೋಗುವುದು. ಒಟ್ಟು 52 ವಾರ. ಕೊನೆಗೆ ಉಳಿಯುವ ಒಂದು ದಿನವನ್ನು 52ನೇ ವಾರಕ್ಕೇ ಸೇರಿಸಿ ಡಿಸೆಂಬರ್ 24ರಿಂದ 31ರವರೆಗೆ ಎಂಟು ದಿನ ಮಾಡುತ್ತಾರೆ. ಅಧಿಕ ವರ್ಷದಲ್ಲಿ ಫೆಬ್ರುವರಿ 26ರಿಂದ ಮಾರ್ಚ್ 4ರವರೆಗಿನ ಒಂಬತ್ತನೇ ವಾರಕ್ಕೂ ಎಂಟು ದಿನ. ಇದರ ಗುಣವೇನೆಂದರೆ 23ನೇ ವಾರ ಎಂದರೆ ಪ್ರತಿ ವರ್ಷವೂ ಜೂನ್ 4ರಿಂದ 10, 27ನೇ ವಾರ ಎಂದರೆ ಪ್ರತಿ ವರ್ಷವೂ ಜುಲೈ 2ರಿಂದ 8. ನಮ್ಮ ಹಿರಿಯರ ಮಳೆ ನಕ್ಷತ್ರಗಳ ಲೆಕ್ಕವೂ ಇದೇ ಜಾತಿಯದು ಎಂದು ನನಗೆ ಅನ್ನಿಸುತ್ತದೆ. ಮೃಗಶಿರಾ ಜೂನ್ ಮೊದಲ ವಾರ ದಾಟುತ್ತಿದ್ದಂತೆ ಹುಟ್ಟುತ್ತದೆ, ಆರಿದ್ರಾ ಜೂನ್ 21–22ರ ಹೊತ್ತಿಗೆ. ಆ ಎಣಿಕೆ ಸೂರ್ಯನ ಚಲನೆಯನ್ನು ಹಿಡಿದದ್ದಾದ್ದರಿಂದ ವಾರ ಯಾವುದಿದ್ದರೂ ಋತುವಿನಿಂದ ಆಚೀಚೆ ಸರಿಯುವುದಿಲ್ಲ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದವರಿಗೆ ಅದು ಭಾನುವಾರ ಹುಟ್ಟಿತೋ ಬುಧವಾರ ಹುಟ್ಟಿತೋ ಎಂಬುದು ಮುಖ್ಯವಾಗಿರಲಿಲ್ಲ.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. 2022ರ 23ನೇ ವಾರವೆಂದರೆ ವೀಕ್‌ನಮ್ ಪ್ರಕಾರ ಮೇ 29ರಿಂದ ಜೂನ್ 4, ಹವಾಮಾನ ವಾರದ ಪ್ರಕಾರ ಜೂನ್ 4ರಿಂದ 10, ಐಎಸ್‌ಒ ಪ್ರಕಾರ ಜೂನ್ 6ರಿಂದ 12. ಮೊದಲನೆಯದಕ್ಕೂ ಕೊನೆಯದಕ್ಕೂ ಸಾಮಾನ್ಯವಾದ ದಿನ ಒಂದೂ ಇಲ್ಲ. ಮುಂಗಾರು ಬಂತೇ ಇಲ್ಲವೇ ಎಂದು ಆಕಾಶ ನೋಡುವ ಆ ಹತ್ತು ಹದಿನೈದು ದಿನಗಳಲ್ಲಿ ಇದು ಒಣ ನೆಲಕ್ಕೂ ಹಸಿ ನೆಲಕ್ಕೂ ಇರುವ ವ್ಯತ್ಯಾಸ.

ಇದಕ್ಕಿಂತ ಹೆಚ್ಚು ಮೋಸ ಮಾಡಿದ್ದು ಮರುವರ್ಷ. 2023ರ ಜನವರಿ 1 ಭಾನುವಾರವೇ ಆಗಿದ್ದರಿಂದ ಆ ವರ್ಷ ವೀಕ್‌ನಮ್ ಎಣಿಕೆಯೂ ಹವಾಮಾನ ವಾರದ ಎಣಿಕೆಯೂ ಡಿಸೆಂಬರ್ 30ರವರೆಗೆ ಒಂದಿಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಂಡವು. ಐಎಸ್‌ಒ ಎಣಿಕೆ ಬೇರೆಯಾದದ್ದು ಭಾನುವಾರಗಳಂದು ಮಾತ್ರ. ನಾವು ಸರಿಯಾಗಿ ಪರೀಕ್ಷೆ ಮಾಡಿದೆವೆಂದೇ ಭಾವಿಸಿ, ಇಲಾಖೆಯ ಪಟ್ಟಿಗೂ ನಮ್ಮ ಪಟ್ಟಿಗೂ ತಾಳೆ ಇದೆ ಎಂದು ನೆಮ್ಮದಿಯಾಗಿದ್ದೆವು. 2024ರಲ್ಲಿ ಮತ್ತೆ ಜಾರಿತು: ಆ ವರ್ಷದ 27ನೇ ವಾರ ವೀಕ್‌ನಮ್ ಲೆಕ್ಕದಲ್ಲಿ ಜೂನ್ 30ಕ್ಕೆ ಆರಂಭ, ಹವಾಮಾನ ವಾರದ ಲೆಕ್ಕದಲ್ಲಿ ಜುಲೈ 2ಕ್ಕೆ. ಒಂದು ವರ್ಷ ಸರಿಬಂದು ಇನ್ನೊಂದು ವರ್ಷ ತಪ್ಪುವ ಫಾರ್ಮುಲಾವನ್ನು ಹಿಡಿಯುವುದು ಯಾವಾಗಲೂ ತಪ್ಪುವ ಫಾರ್ಮುಲಾವನ್ನು ಹಿಡಿಯುವುದಕ್ಕಿಂತ ಬಹಳ ಕಷ್ಟ. ಶೀಟು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಸಾಲುಸಾಲಾಗಿ ಸಂಖ್ಯೆಗಳನ್ನು ತುಂಬಿಕೊಡುತ್ತದೆ.

ಹಾಗಾದರೆ ಮೂರರಲ್ಲಿ ಯಾವುದನ್ನು ಬಳಸಬೇಕೆಂದು ಕೇಳಿದರೆ, ಯಾವ ಕೆಲಸಕ್ಕೆ ಎಂದು ಮೊದಲು ನೋಡಬೇಕಾಗುತ್ತದೆ. ಮಳೆ, ಬಿತ್ತನೆ, ಔಷಧಿ ಹೊಡೆಯುವುದು ಇವು ಋತುವನ್ನು ಹಿಡಿದ ಕೆಲಸಗಳು. ಇವುಗಳಿಗೆ ಹವಾಮಾನ ವಾರವೇ ತಕ್ಕದ್ದು. ಕೂಲಿ ಬಟವಾಡೆ, ವ್ಯಾಪಾರ, ಆಸ್ಪತ್ರೆಗೆ ಬರುವ ರೋಗಿಗಳ ಸಂಖ್ಯೆ ಇವು ವಾರದ ದಿನಗಳನ್ನು ಹಿಡಿದು ಏರಿಳಿಯುತ್ತವೆ. ಭಾನುವಾರ ಹೊರರೋಗಿ ವಿಭಾಗಕ್ಕೆ ಬೀಗ, ಸೋಮವಾರ ಸಾಲು. ಆದ್ದರಿಂದ ಪ್ರತಿ ವಾರದಲ್ಲಿಯೂ ಒಂದು ಭಾನುವಾರ, ಒಂದು ಸೋಮವಾರ ಇರಲೇಬೇಕು, ಎಂಟು ದಿನದ ವಾರವಾಗಲಿ ಒಂದು ದಿನದ ವಾರವಾಗಲಿ ನಡುವೆ ನುಸುಳಬಾರದು. 2004ರಲ್ಲಿ ಆರಂಭವಾದ ಸಮಗ್ರ ರೋಗಗಳ ಕಣ್ಗಾವಲು ಕಾರ್ಯಕ್ರಮ ಸೋಮವಾರದಿಂದ ಭಾನುವಾರದ ವಾರವನ್ನೇ ಹಿಡಿದಿದೆ. ಅದರ ಸಾಪ್ತಾಹಿಕ ವರದಿಗಳಲ್ಲಿ ವಾರದ ಸಂಖ್ಯೆಯ ಜೊತೆಗೇ ಆ ವಾರ ಯಾವ ತಾರೀಖಿಗೆ ಮುಗಿಯಿತು ಎಂಬುದನ್ನೂ ಬರೆಯುತ್ತಾರೆ. ಆ ಒಂದು ಸಾಲಿನಿಂದ ಎಷ್ಟು ಗೊಂದಲ ತಪ್ಪುತ್ತದೆ ಎಂಬುದು ನಮ್ಮಂತೆ ಕೈಸುಟ್ಟುಕೊಂಡವರಿಗೆ ಗೊತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರವಾದರೋ ಭಾನುವಾರ ಆರಂಭವಾಗುತ್ತದೆ. ಅಲ್ಲಿನ ಅಂಕಿಗಳನ್ನೂ ಇಲ್ಲಿನವನ್ನೂ ಬರೀ ಸಂಖ್ಯೆ ನೋಡಿ ಹೋಲಿಸಲು ಹೋದರೆ ತಪ್ಪಾದೀತು.

ವರ್ಷದ ಗಡಿಯಲ್ಲಿ ಇನ್ನೊಂದು ಹೊಂಡವಿದೆ, ಮತ್ತು ಅದರಲ್ಲಿ ಲೆಕ್ಕ ಬಲ್ಲವರೂ ಬೀಳುವುದನ್ನು ನೋಡಿದ್ದೇನೆ. 2025ರ ಡಿಸೆಂಬರ್ 29 ಸೋಮವಾರ. ಐಎಸ್‌ಒ ಪ್ರಕಾರ ಅದು 2026ರ ಮೊದಲ ವಾರದ ಮೊದಲ ದಿನ. ಶೀಟಿನಲ್ಲಿ ಒಂದು ಕಾಲಂಗೆ ಇಸವಿಯನ್ನೂ ಇನ್ನೊಂದು ಕಾಲಂಗೆ ವಾರವನ್ನೂ ಬೇರೆ ಬೇರೆ ಫಾರ್ಮುಲಾದಿಂದ ತೆಗೆದು ಜೋಡಿಸಿದವರಿಗೆ ಆ ದಿನ ‘2025, 1ನೇ ವಾರ’ ಎಂದು ಬರುತ್ತದೆ. ಅಂದರೆ ಡಿಸೆಂಬರ್ ಕೊನೆಯ ಲೆಕ್ಕ ಹನ್ನೆರಡು ತಿಂಗಳು ಹಿಂದಕ್ಕೆ ಹೋಗಿ ಜನವರಿಯ ಲೆಕ್ಕದ ಜೊತೆ ಕೂಡಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಸುಲಭ: ತಾರೀಖಿನ ಇಸವಿಯನ್ನು ತೆಗೆದುಕೊಳ್ಳದೆ, ಆ ವಾರದ ಗುರುವಾರ ಯಾವ ಇಸವಿಯಲ್ಲಿದೆಯೋ ಅದನ್ನು ತೆಗೆದುಕೊಳ್ಳಬೇಕು. ಸೋಮವಾರವನ್ನು 1 ಎಂದು ಎಣಿಸಿ ತಾರೀಖಿನಿಂದ ಆ ದಿನದ ಕ್ರಮಾಂಕವನ್ನು ಕಳೆದು 4 ಕೂಡಿಸಿದರೆ ಗುರುವಾರದ ತಾರೀಖು ಬರುತ್ತದೆ. ಈ ವರ್ಷದ ಕೊನೆಗೆ ಇದು ತಿರುಗಿ ಇನ್ನೊಂದು ರೂಪದಲ್ಲಿ ಬರಲಿದೆ: 2026ರ ಡಿಸೆಂಬರ್ 28ರಿಂದ 2027ರ ಜನವರಿ 3ರವರೆಗೆ 2026ರ 53ನೇ ವಾರ. ಹೊಸ ವರ್ಷದ ಮೊದಲ ದಿನವೇ ‘2027, 53ನೇ ವಾರ’ ಎಂದು ತೋರಿಸುವ ಶೀಟು ಯಾವ ಕಚೇರಿಯಲ್ಲಿದ್ದರೂ ಅದನ್ನು ಈಗಲೇ ನೋಡಿ ಸರಿಪಡಿಸಿಕೊಳ್ಳಲಿ.

ಹವಾಮಾನ ವಾರಕ್ಕೆ ಎಕ್ಸೆಲ್‌ನಲ್ಲಾಗಲಿ, ಲಿಬ್ರೆಆಫೀಸ್‌ನಲ್ಲಾಗಲಿ, ಗೂಗಲ್ ಶೀಟ್ಸ್‌ನಲ್ಲಾಗಲಿ ಸಿದ್ಧವಾದ ಫಾರ್ಮುಲಾ ಇಲ್ಲ. ನಾವು ಮಾಡಿಕೊಂಡ ಉಪಾಯವನ್ನು ಇಲ್ಲಿ ಬರೆಯುತ್ತೇನೆ, ಬೇಕಾದವರಿಗೆ ಉಪಯೋಗವಾಗಲಿ. ತಿಂಗಳ ಸಂಖ್ಯೆಯನ್ನು ನೂರರಿಂದ ಗುಣಿಸಿ ಅದಕ್ಕೆ ದಿನದ ಸಂಖ್ಯೆಯನ್ನು ಕೂಡಿಸಿದರೆ ಜನವರಿ 1ಕ್ಕೆ 101, ಜೂನ್ 4ಕ್ಕೆ 604, ಡಿಸೆಂಬರ್ 24ಕ್ಕೆ 1224 ಬರುತ್ತದೆ. ಬೇರೊಂದು ಹಾಳೆಯಲ್ಲಿ ಪ್ರತಿ ಹವಾಮಾನ ವಾರದ ಮೊದಲ ದಿನಕ್ಕೆ ಹೀಗೆ ಬರುವ ಸಂಖ್ಯೆಯನ್ನು ಒಂದು ಕಾಲಂನಲ್ಲಿ, ವಾರದ ಸಂಖ್ಯೆಯನ್ನು ಪಕ್ಕದ ಕಾಲಂನಲ್ಲಿ ಏರಿಕೆಯ ಕ್ರಮದಲ್ಲಿ 52 ಸಾಲು ಬರೆದಿಟ್ಟುಕೊಳ್ಳಬೇಕು. ಆಮೇಲೆ ‘ವಿಲುಕಪ್’ (VLOOKUP) ಫಾರ್ಮುಲಾದಿಂದ ದಿನದ ತಾರೀಖಿನ ಸಂಖ್ಯೆಯನ್ನು ಆ ಪಟ್ಟಿಯಲ್ಲಿ ಹುಡುಕಿಸಿದರೆ ಮುಗಿಯಿತು. ಫೆಬ್ರುವರಿ 29ಕ್ಕೆ 229 ಬರುತ್ತದೆ, ಅದು 226ರಿಂದ ಆರಂಭವಾಗುವ ಒಂಬತ್ತನೇ ವಾರಕ್ಕೆ ತಾನಾಗಿಯೇ ಸೇರುತ್ತದೆ. ಡಿಸೆಂಬರ್ 31 ಕೂಡ 52ರಲ್ಲಿಯೇ ಉಳಿಯುತ್ತದೆ. ಅಧಿಕ ವರ್ಷಕ್ಕೆಂದು ಬೇರೆ ಲೆಕ್ಕ ಬೇಡ, ಪ್ರತಿ ವರ್ಷ ಪಟ್ಟಿ ಬದಲಿಸುವುದೂ ಬೇಡ. ಒಂದೇ ಎಚ್ಚರಿಕೆ: ವಿಲುಕಪ್‌ನ ಕೊನೆಯ ಆಯ್ಕೆಯಲ್ಲಿ ನಿಖರ ಹೊಂದಾಣಿಕೆಯನ್ನು ಕೇಳಬಾರದು, ಸಮೀಪದ ಹೊಂದಾಣಿಕೆಯನ್ನು ಕೇಳಬೇಕು. ನಿಖರ ಹೊಂದಾಣಿಕೆ ಕೇಳಿದರೆ ವಾರದ ಮೊದಲ ದಿನಕ್ಕೆ ಮಾತ್ರ ಉತ್ತರ ಸಿಕ್ಕಿ ಉಳಿದ ದಿನಗಳ ಮುಂದೆ ದೋಷದ ಗುರುತು ನಿಲ್ಲುತ್ತದೆ.

ಇಷ್ಟಾದ ಮೇಲೂ ನಮ್ಮಲ್ಲೊಬ್ಬರ ಶೀಟಿನಲ್ಲಿ ಜೂನ್ ತಿಂಗಳ ಮೊದಲ ಹನ್ನೆರಡು ದಿನಗಳ ಮಳೆ ಬೇರೆ ಬೇರೆ ತಿಂಗಳುಗಳಲ್ಲಿ ಚೆದುರಿಹೋಗಿತ್ತು. ಅವರ ಕಂಪ್ಯೂಟರ್ ಅಮೆರಿಕದ ತಾರೀಖಿನ ಕ್ರಮದಲ್ಲಿತ್ತು. 5/6 ಎಂದು ಬರೆದರೆ ನಮಗೆ ಜೂನ್ 5, ಅದಕ್ಕೆ ಮೇ 6. ಹದಿಮೂರನೇ ತಾರೀಖಿನಿಂದ ಮುಂದೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದು ತಾರೀಖೆಂದೇ ತಿಳಿಯದೆ ಬರೀ ಅಕ್ಷರಗಳೆಂದು ಇಟ್ಟುಕೊಂಡಿತ್ತು. ಕಂಪ್ಯೂಟರಿನ ಪಾಲಿಗೆ ತಾರೀಖೆಂದರೆ ಒಂದು ಸಂಖ್ಯೆ, 2025ರ ಜನವರಿ 1 ಎಂದರೆ 45658. ಸಂಖ್ಯೆಯಾಗಿದ್ದರೆ ಮಾತ್ರ ಅದರಿಂದ ವಾರ ತೆಗೆಯಲು ಸಾಧ್ಯ. ನಾವಾಗಿ ಜೋಡಣೆ ಬದಲಿಸದಿದ್ದರೆ ನಿಜವಾದ ತಾರೀಖು ಚೌಕದ ಬಲಕ್ಕೆ, ಅಕ್ಷರವೆಂದು ಉಳಿದದ್ದು ಎಡಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಕಾಲಂನ ಮೇಲಿಂದ ಕೆಳಗೆ ಒಂದು ಸಲ ಕಣ್ಣಾಡಿಸಿದರೆ ಸಾಕು, ತಪ್ಪು ಎದ್ದು ಕಾಣುತ್ತದೆ. ಬೆಳಿಗ್ಗೆ ಎಂಟೂವರೆಗೆ ಅಳೆದ ಮಳೆಯನ್ನು ಅಳೆದ ದಿನದ ತಾರೀಖಿಗೇ ಬರೆಯುವುದು ಹವಾಮಾನ ಇಲಾಖೆಯ ಕ್ರಮ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಿಂದಿನ ರಾತ್ರಿ ಬಂದ ಮಳೆಯಲ್ಲವೇ ಎಂದು ಹಿಂದಿನ ದಿನಕ್ಕೆ ಬರೆಯುವವರು ನಮ್ಮಲ್ಲಿದ್ದಾರೆ, ಅವರ ವಾರವೂ ಒಂದು ದಿನ ಸರಿದಿರುತ್ತದೆ.

ಸಹಕಾರ ಸಂಘಗಳ ಲೆಕ್ಕ ಏಪ್ರಿಲ್ 1ರಿಂದ ಹೊರಡುವುದರಿಂದ ಅಲ್ಲಿ ಕೆಲವರು ‘ಆರ್ಥಿಕ ವರ್ಷದ 10ನೇ ವಾರ’ ಎಂಬ ನಾಲ್ಕನೆಯ ಎಣಿಕೆಯನ್ನೂ ಇಟ್ಟುಕೊಂಡಿರುತ್ತಾರೆ. ಅದು ಅವರ ಅನುಕೂಲಕ್ಕೆ ಸರಿಯೇ. ಆದರೆ ಆ ಕಾಗದ ಸಂಘದ ಬಾಗಿಲು ದಾಟಿ ಹೊರಗೆ ಬರುವಾಗ ತಾರೀಖಿಲ್ಲದೆ ಬರಬಾರದು.

ಕಂಪ್ಯೂಟರ್ ತರಬೇತಿ ಕೊಡುವವರಲ್ಲಿಯೂ ನನ್ನದೊಂದು ಮನವಿಯಿದೆ. ಕೂಡಿಸುವುದು, ಸರಾಸರಿ ತೆಗೆಯುವುದು ಕಲಿಸುವಷ್ಟೇ ಕಾಳಜಿಯಿಂದ ತಾರೀಖಿನ ಪಾಠವನ್ನೂ ಕಲಿಸಬೇಕು. ವೀಕ್‌ನಮ್ ಬರೆಯುವಾಗ ತಾರೀಖಿನ ನಂತರ ಅಲ್ಪವಿರಾಮ ಹಾಕಿ 21 ಎಂದು ಕೊಟ್ಟರೆ ಅದು ಐಎಸ್‌ಒ ಎಣಿಕೆಗೆ ಹೊರಳುತ್ತದೆ. 2 ಎಂದು ಕೊಟ್ಟರೆ ಸೋಮವಾರದಿಂದ ಎಣಿಸುತ್ತದೆ, ಆದರೆ ಜನವರಿ 1ರ ತುಂಡು ವಾರ ಹಾಗೆಯೇ ಉಳಿಯುತ್ತದೆ. ‘ಸೋಮವಾರಕ್ಕೆ ಬದಲಿಸಿದ್ದೇವೆ, ಇನ್ನು ಐಎಸ್‌ಒ ಆಯಿತು’ ಎಂದು ತಿಳಿದವರನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ನಾನೂ ಒಂದು ವರ್ಷ ಹಾಗೆಯೇ ತಿಳಿದಿದ್ದೆ. ಎಕ್ಸೆಲ್‌ನ 2013ರ ಆವೃತ್ತಿಯಿಂದ ಈಚೆಗೆ ಐಎಸ್‌ಒ ವೀಕ್‌ನಮ್ ಎಂಬ ಬೇರೆ ಫಾರ್ಮುಲಾವೇ ಇರುವುದರಿಂದ ಅದನ್ನು ಹೆಸರಿಟ್ಟು ಕಲಿಸುವುದು ಒಳ್ಳೆಯದು. ಶೀಟು ತೆರೆದ ಬೇರೆಯವರಿಗೂ ಯಾವ ಎಣಿಕೆ ಎಂದು ಹೆಸರಿನಿಂದಲೇ ತಿಳಿಯುತ್ತದೆ.

ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಪತ್ರಿಕೆಗೆ ಬರುವ ಯಾವುದೇ ಪಟ್ಟಿಯಲ್ಲಿ ವಾರದ ಸಂಖ್ಯೆ ಇದ್ದರೆ, ಕಳಿಸಿದ ಕಚೇರಿಯನ್ನು ಕೇಳಿ ಆ ವಾರದ ಮೊದಲ ಮತ್ತು ಕೊನೆಯ ತಾರೀಖನ್ನು ಪಕ್ಕದಲ್ಲಿ ಅಚ್ಚು ಹಾಕಿಸಿ. ಹವಾಮಾನ ವಾರವಾದರೆ ಹವಾಮಾನ ವಾರವೆಂದು ಒಂದು ಮಾತು ಸೇರಿಸಿ. ನಮ್ಮ ಊರಿನ ಐದು ಮನೆಗಳಲ್ಲಿ ಈಗ ಶೀಟಿನ ಮೊದಲ ಮೂರು ಕಾಲಂಗಳು ತಾರೀಖು, ಹವಾಮಾನ ವಾರ, ಆ ವಾರ ಆರಂಭವಾದ ದಿನ ಎಂದಿವೆ. 2022ರ ಲೆಕ್ಕವನ್ನು ಹೊಸದಾಗಿ ಜೋಡಿಸಿದ್ದೇವೆ. ಕಾಲುಸಂಕ ಕೊಚ್ಚಿಹೋದ ದಿನದ ಮಳೆ ಐದೂ ಮನೆಯ ಪಟ್ಟಿಗಳಲ್ಲಿ 27ನೇ ವಾರ, ಜುಲೈ 2ರಿಂದ 8 ಎಂಬ ಒಂದೇ ಸಾಲಿನಲ್ಲಿದೆ. ತಮ್ಮ ಪತ್ರಿಕೆಯ ಹಳೆಯ ಮಳೆ ಪಟ್ಟಿಗಳನ್ನೂ ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅವುಗಳಲ್ಲಿ ಬರೀ ಸಂಖ್ಯೆಯಿರುವ ಪಟ್ಟಿಗಳನ್ನು ಯಾವ ಸಾಲಿನ ಎದುರು ಇಡಬೇಕೆಂಬುದು ಇಂದಿಗೂ ಬಗೆಹರಿದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಶಿವಮೊಗ್ಗ ಜಿಲ್ಲೆ